ಬೆಲ್ಟ್ ಕಟ್ಟಿಕೊಂಡ ಎಂಟು ತಿಂಗಳು

ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ನಾನು ಎಂಟು ತಿಂಗಳು ಮೈದಾನದಲ್ಲಿ ನಿಂತೆ. ಬೆನ್ನಿಗೆ ಏನೂ ಆಗಿರಲಿಲ್ಲ. ನೋವಿದ್ದದ್ದು ಬಲಗಡೆಯ ತೊಡೆಸಂದಿನಲ್ಲಿ.

ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಅದೂ ಖೋ ಖೋ ಆಡಿ ಸಿಕ್ಕ ಸೀಟಿನಿಂದ. ಆ ಆಟದಲ್ಲಿ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿದ್ದು, ಬೆನ್ನಿಗೆ ಕೈ ಬಿದ್ದೊಡನೆ ಚಿಮ್ಮಿ ಏಳಬೇಕು. ಮಕ್ಕಳಿಗೆ ತೋರಿಸಲೆಂದು ಹಾಗೆ ಏಳುವಾಗ ಒಂದು ದಿನ ಒಳಗೆ ಕಟಕ್ ಎಂದಿತು. ಆಮೇಲೆ ಕೂತಾಗಲೆಲ್ಲ ಚುಚ್ಚತೊಡಗಿತು. ಕೂರಲಾಗದ ಟೀಚರು ಖೋ ಖೋ ಏನು ಕಲಿಸಿಯಾಳು? ನನಗಿದ್ದ ಭಯ ಅದೊಂದೇ.

ಅಣ್ಣನನ್ನು ಕರೆದುಕೊಂಡು ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಹೋದೆ. ಎಲ್ಲಿ ನೋವು ಎಂದು ಕೇಳಿದರು. ಪಕ್ಕದಲ್ಲಿ ಅಣ್ಣ, ಬಾಗಿಲಲ್ಲಿ ಕಾಂಪೌಂಡರು. ನಾನು ಕೈಯನ್ನು ಹಿಂದಕ್ಕೆ ಒಯ್ದು ಸೊಂಟದ ಮೇಲಿಟ್ಟೆ. ನಮ್ಮಲ್ಲಿ ಹೆಣ್ಣುಮಕ್ಕಳ ಕೈ ಅದಕ್ಕಿಂತ ಮುಂದಕ್ಕೆ ಬರುವುದಿಲ್ಲ. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಬೆನ್ನಿನ ಎಕ್ಸ್‌ರೇ ತೆಗೆಸಿ, ಡಿಸ್ಕ್ ಸ್ವಲ್ಪ ಸವೆದಿದೆ ಎಂದು ಬೆಲ್ಟ್ ಬರೆದುಕೊಟ್ಟರು. ಮೂರನೆಯ ಸಲ ಹೋದಾಗ ತೂಕ ಇಳಿಸಿ ಎಂದರು. ದಿನಾ ಮೈದಾನ ಸುತ್ತುವವಳಿಗೆ ಹೇಳುವ ಮಾತೇ ಅದು?

ಕೊನೆಗೆ ಯಾರೋ ಹೇಳಿದರೆಂದು ಶಿವಮೊಗ್ಗದಲ್ಲೇ ಆಲ್ಕೊಳದ ಒಬ್ಬ ಫಿಸಿಯೋಥೆರಪಿಸ್ಟ್ ಬಳಿಗೆ ಹೋದೆ. ನನಗಿಂತ ಚಿಕ್ಕವಳು. ಶೂ ಬಿಚ್ಚಲು ನಾನು ಒದ್ದಾಡುವುದನ್ನು ನೋಡಿದಳು. ಬಾಗಿಲು ಹಾಕಿ ಬಂದು, ತನ್ನದೇ ತೊಡೆಸಂದಿಗೆ ಬೆರಳಿಟ್ಟಳು.

“ಇಲ್ಲಿ ತಾನೇ ಮೇಡಂ? ಮತ್ತೆ ಬೆಲ್ಟ್ ಯಾಕೆ ಕಟ್ಕೊಂಡಿದೀರಿ?”

ಅಂಗಾತ ಮಲಗಿಸಿ, ಮಂಡಿಯನ್ನು ಎದೆಯತ್ತ ಮಡಿಸಿ, ಕಾಲನ್ನು ಒಳಕ್ಕೆ ತಿರುಗಿಸಿದಳು. ಜೀವ ಹೋದಂತಾಯಿತು. ಎರಡು ನಿಮಿಷದ ಕೆಲಸ. ಅವಳು ಕೊಟ್ಟ ಚೀಟಿಯ ಮೇಲೆ, ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಳಗಿನದು ಸ್ಪಷ್ಟ ಕಾಣಲೆಂದು ಕೀಲಿನೊಳಗೆ ಔಷಧಿ ಚುಚ್ಚಿ ಎಂ.ಆರ್.ಐ. ಮಾಡಿದರು. ತೊಡೆ ಸೊಂಟಕ್ಕೆ ಸೇರುವ ಕೀಲಿನ ಬಟ್ಟಲಿಗೆ ಅಂಚಿನ ಸುತ್ತ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ, ಲೇಬ್ರಮ್ ಅಂತ. ನನ್ನದು ಹರಿದಿತ್ತು. ಅದರ ಪಕ್ಕದ ಕಾರ್ಟಿಲೇಜು, ಅಂದರೆ ಮೂಳೆಯ ಮೇಲಿನ ನುಣುಪು ಪದರ, ಕಿತ್ತು ಬಂದಿತ್ತು.

ರಿಪೋರ್ಟು ಹಿಡಿದು ಮೊದಲಿನ ಡಾಕ್ಟರಲ್ಲಿಗೆ ಹೋದೆ.

“ಆವತ್ತೇ ಸರಿಯಾಗಿ ತೋರಿಸ್ಬೇಕಿತ್ತಲ್ಲಮ್ಮ. ಓದಿರೋರು ನೀವು.”

“ನೀವೂ ಓದಿರೋರೇ ಸಾರ್. ಒಂದ್ಸಲ ಕಾಲು ತಿರುಗಿಸಿ ನೋಡಿದ್ರೆ ನಾನು ಹೇಳೋದೇ ಬೇಕಿರ್ಲಿಲ್ಲ.”

ಸುಮ್ನಿರು ಮಾರಾಯ್ತಿ ಎಂದು ಅಣ್ಣ ತೋಳು ಜಗ್ಗಿದ. ಸುಮ್ಮನಿದ್ದೇ ಎಂಟು ತಿಂಗಳು ಕಳೆದಿದ್ದೆ.

ಆಲ್ಕೊಳದವಳು ಮೂರು ತಿಂಗಳು ವ್ಯಾಯಾಮ ಮಾಡಿಸಿದಳು, ಸಾಲಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಸಣ್ಣ ತೂತು ಮಾಡಿ ಆಪರೇಷನ್ ನಡೆಸಿ, ಹರಿದದ್ದನ್ನು ಹೊಲಿದರು. ಊರುಗೋಲು ಬಿಟ್ಟ ದಿನ, ಮತ್ತೆ ಕುಕ್ಕರಗಾಲಿನಲ್ಲಿ ಕೂರಬಹುದೇ ಎಂದು ಕೇಳಿದೆ. ಹೊಲಿಗೆ ಹಿಡಿದಿದೆ, ನಡೆಯಿರಿ, ಈಜಿ, ಆದರೆ ಹೋದ ಕಾರ್ಟಿಲೇಜು ವಾಪಸ್ ಬರುವುದಿಲ್ಲ, ಹಾಗೆ ಕೂರಬೇಡಿ ಎಂದರು ಅಲ್ಲಿನ ಸರ್ಜನ್. ಮೊದಲೇ ಬಂದಿದ್ದರೆ? ಇಷ್ಟು ಹೋಗುತ್ತಿರಲಿಲ್ಲವೇನೋ ಎಂದರು.

ಈಗ ಸಾಲಿನ ತುದಿಯಲ್ಲಿ ನಿಂತು ಬಾಯಲ್ಲೇ ಖೋ ಖೋ ಕಲಿಸುತ್ತೇನೆ. ಆ ಡಾಕ್ಟರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ಡಿಗ್ರಿ ಇತ್ತು, ಮೈದಾನಕ್ಕೆಲ್ಲ ಕೇಳುವ ಗಂಟಲಿತ್ತು, ನೋಯುವ ಜಾಗಕ್ಕೆ ಬೆರಳಿಡಲು ಆಗಲಿಲ್ಲ. ಆರೋಗ್ಯ ಶಿಕ್ಷಣದ ಪಾಠ ಮಾಡುವವಳೂ ನಾನೇ.