ಓಂಕಾರಪ್ಪನವರ ಪೆನ್ಸಿಲು
ಶಿವನಿಯ ಕನಕರಾಜು, ತಂತಿ ಮೀಟಿದಾಗಲೆಲ್ಲ ಗರಗರ ಸದ್ದು ಮಾಡಿ ಅದುರುತ್ತಿದ್ದ ತನ್ನ ಗಿಟಾರಿನ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಕಡೂರಿನ ರಿಪೇರಿ ಓಂಕಾರಪ್ಪನವರ ಮನೆಗೆ ಮೊದಲ ಸಲ ಹೊತ್ತು ತಂದ ದಿನ, ಅವರು ಅದನ್ನು ಮುಟ್ಟಲೇ ಇಲ್ಲ. "ಮೊದ್ಲು ಕೋಣೆ ಸುಮ್ನಾಗ್ಲಿ ಕಣಪ್ಪ" ಎಂದು ಗೋಡೆಯ ಗಡಿಯಾರ, ಗಾಜಿನ ಪಟ, ಕೊನೆಗೆ ಅವನ ಜೇಬಿನ ಬೀಗದ ಕೈಗಳನ್ನೂ ಹೊರಗಿಡಿಸಿದರು. ಮಾವ ಕೆಮ್ಮಿದರೆ ಮಾವನನ್ನೂ ಜಗಲಿಗೆ ಕಳಿಸುವ ಆಸಾಮಿ ಎಂದು ಊರವರು ನಗುತ್ತಿದ್ದರು. ಆಮೇಲೆ, ಅವತ್ತೂ ಮುಂದೆ ಬಂದಾಗಲೆಲ್ಲವೂ, ಕನಕರಾಜು ದಪ್ಪ ತಂತಿ ಮೀಟುತ್ತಿದ್ದರೆ, ಅವರು ಪೆಟ್ಟಿಗೆಯ ತಿರುಪುಗಳನ್ನು ಬಿಗಿಮಾಡಿ, ಒಳಗೆ ಕೆಂಪಗೆ ಉರಿಯುವ ಗಾಜಿನ ಬುರುಡೆಗಳಂಥ ವಾಲ್ವುಗಳನ್ನು ಒಂದೊಂದಾಗಿ ಪೆನ್ಸಿಲಿನ ತುದಿಯಿಂದ ತಟ್ಟಿ ಅದುರುವುದು ಯಾವುದೆಂದು ಹುಡುಕುವರು. ಅಡುಗೆಮನೆಯಿಂದ ಹೆಂಡತಿ ದಾಕ್ಷಾಯಣಮ್ಮ, "ಅದ್ರೋ ಸದ್ದು ಇನ್ನೂ ಐತೆ ಕಣ್ರೀ!" ಎಂದು ಕೂಗುವರು. "ನೀನು ಒಗ್ಗರಣೆ ನೋಡ್ಕಳೇ, ಸೀದೋಗ್ತೈತೆ" ಎಂದು ಇವರು ರೇಗುವರು. ವರ್ಷಗಳು ಕಳೆದಂತೆ ದಾಕ್ಷಾಯಣಮ್ಮ ಅಕ್ಕಿಯ ಮೊರ ಹಿಡಿದು ಮೇಜಿನ ಪಕ್ಕಕ್ಕೇ ಬಂದು ಕೂರತೊಡಗಿದರು, ಕೂಗು ನಿಂತಿತು. ಒಮ್ಮೆ ಕನಕರಾಜು ಮೀಟುವುದನ್ನು ನಿಲ್ಲಿಸಿದರೂ ಓಂಕಾರಪ್ಪನವರು ಬಗ್ಗಿಕೊಂಡು, ಕೇಳುತ್ತಿರುವವರಂತೆ ತಲೆಯಾಡಿಸುತ್ತಲೇ ಇದ್ದರು. ಅವನು ಬಾಯಿ ತೆರೆಯುವ ಮೊದಲೇ ದಾಕ್ಷಾಯಣಮ್ಮ ಕಣ್ಣಲ್ಲೇ ಬೇಡವೆಂದರು. ಆಮೇಲೆ ಅವನ ಜೊತೆ ಜಗಲಿಯವರೆಗೂ ಬಂದು, "ಕಿವಿ ಹೋಯ್ತು ಅಂತ ಊರಿಗೆ ಗೊತ್ತಾದ್ರೆ ಕೆಲ್ಸ ಬರಲ್ಲ. ಕೆಲ್ಸ ಇಲ್ದೆ ಇವ್ರು ಹೆಂಗ್ ಬದುಕ್ತಾರಪ್ಪ?" ಎಂದರು. ಈಗಲೂ ಕೋಣೆ ಸುಮ್ಮನಾಗಲೇಬೇಕು. ಗಡಿಯಾರ ಹೊರಗೆ ಹೋಗುತ್ತದೆ, ಪೆನ್ಸಿಲು ವಾಲ್ವಿನಿಂದ ವಾಲ್ವಿಗೆ ಸಾಗುತ್ತದೆ, ಒಂದು ವಾಲ್ವಿಗೆ ಬಂದಾಗ ಅಕ್ಕಿ ಆರಿಸುವ ಕೈ ತಟ್ಟನೆ ನಿಲ್ಲುತ್ತದೆ. ಆ ಕೈಯನ್ನೇ ನೋಡುತ್ತ ಓಂಕಾರಪ್ಪನವರು, "ಇದೇ ಕಣಪ್ಪ, ಸಿಕ್ತು" ಎನ್ನುತ್ತಾರೆ.