ದುಬೈಯಲ್ಲಿರುವ ನನ್ನ ತಮ್ಮ ಸುಲ್ತಾನ್ ಬಜಾರಿನಲ್ಲಿ ಸಿಕ್ಕ

ಕಳೆದ ಶನಿವಾರ ನನ್ನ ತಮ್ಮನಿಗೆ ಒಂದು ಬಾಟಲಿ ನೀರು ಕೊಟ್ಟೆ. ಅವನು ‘ಥ್ಯಾಂಕ್ಯೂ ಮೇಡಂ’ ಅಂದ.

ಹೌದು, ಮೇಡಂ. ನಾನು ಎತ್ತಿ ಆಡಿಸಿದ ಹುಡುಗ.

ಪ್ರತಿ ವಾರ ಉಪ್ಪಿನಕಾಯಿ, ರವಿಕೆ, ಮೆಟ್ರೊ ಜಗಳ ಅಂತ ನಿಮ್ಮನ್ನು ನಗಿಸುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಷ್ಟೇ ಬರೆಯಲು ಬರುವುದು (ತಪ್ಪು ತಿದ್ದುವ ಸಂಪಾದಕರಿಗೆ ಗೊತ್ತು). ಈ ವಾರ ನಗಿಸಲು ಆಗುವುದಿಲ್ಲ.

ನನ್ನ ತಮ್ಮ ಈರಣ್ಣ ಮಾರ್ಮನ್ ಮಿಷನರಿ, ಅಂದರೆ ಟೈ ಕಟ್ಟಿಕೊಂಡು ಮನೆಮನೆಗೆ ಹೋಗಿ ಯೇಸುವಿನ ಮಾತು ಸಾರುವ ಒಂದು ಕ್ರೈಸ್ತ ಪಂಥದವನು. ಬೆಂಗಳೂರಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದವನು ಆ ಸಭೆಗೆ ಸೇರಿದ, ಎರಡು ವರ್ಷದ ಸೇವೆಗೆ ಹೆಸರು ಕೊಟ್ಟ. ‘ಆ ಟೈ ಬಿಚ್ಚಿ ಬಂದ್ರ ಬಾ, ಇಲ್ಲಾ ಬರಬ್ಯಾಡ’ ಅಂದರು ಅಪ್ಪ. ಅವನು ಬಿಚ್ಚಲಿಲ್ಲ.

ಹೈದರಾಬಾದಿನ ನನ್ನ ಗಂಡನ ಮನೆಯಲ್ಲಿ ಇದನ್ನು ಹೇಗೆ ಹೇಳುವುದು? ನಾದಿನಿಗೆ ಗಂಡು ನೋಡುತ್ತಿದ್ದರು. ‘ನಿನ್ನ ತಮ್ಮ ಏನ ಮಾಡ್ತಾನವಾ?’ ಎಂದು ಅತ್ತೆ ಕೇಳಿದಾಗ ಬಾಯಿಗೆ ಬಂದದ್ದು ದುಬೈ. ಮನೆಗೆ ಬಾರದ ಗಂಡಸರೆಲ್ಲ ಈ ಊರಲ್ಲಿ ದುಬೈಯಲ್ಲೇ ಇರುತ್ತಾರಲ್ಲ!

ಸುಳ್ಳು ಚೆನ್ನಾಗಿಯೇ ನಡೆಯಿತು. ಮಿಷನರಿಗಳಿಗೆ ಸೋಮವಾರ ಬಿಡುವು. ಬಟ್ಟೆ ಒಗೆದು, ಮನೆಯವರಿಗೆ ಫೋನ್ ಮಾಡುವ ದಿನ. ನಾನು ಉಪ್ಪಲ್‌ನ ನಮ್ಮ ಮಾಳಿಗೆ ಹತ್ತಿ ಮಾತಾಡುತ್ತಿದ್ದೆ. ಅವನ ದಿನ ಅಂದರೆ ನಸುಕಿನಲ್ಲಿ ಏಳುವುದು, ಓದು, ಪ್ರಾರ್ಥನೆ, ಆಮೇಲೆ ಕತ್ತಲಾಗುವವರೆಗೆ ಬಾಗಿಲು ಬಡಿಯುವುದು. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ, ಜೊತೆಗೊಬ್ಬ ಜೋಡಿ. ನೆಂಟರ ಮನೆಗೆ ಹೋಗುವಂತಿಲ್ಲ. ಬೂಟಿನ ಅಟ್ಟೆ ಸವೆದದ್ದನ್ನು ವಿಡಿಯೋದಲ್ಲಿ ತೋರಿಸಿ ನಗುತ್ತಿದ್ದ. ಕೆಳಗಿನಿಂದ ಅತ್ತೆ ಕೂಗುತ್ತಿದ್ದರು: ‘ಬರಾಗ ಅತ್ತರ ತರಾಕ ಹೇಳು!’

ಕೊನೆಯ ಕೆಲವು ತಿಂಗಳಿಗೆ ಅವನನ್ನು ಇದೇ ಹೈದರಾಬಾದಿಗೆ ಹಾಕಿದರು. ಇನ್ನು ಎರಡು ವಾರಕ್ಕೆ ಸೇವೆ ಮುಗಿಯುತ್ತದೆ.

‘ಪೆಟ್ಟಿಗಿ ಕಟ್ಟಿದೇನಪಾ ಅಂತ ಎಲ್ಲಾರೂ ಕಾಡಸ್ತಾರ, ಅಕ್ಕಾ. ಕಟ್ಟಿ ಎಲ್ಲಿಗೆ ಹೋಗ್ಲಿ?’

‘ನನ್ನ ಮನಿ ಇಲ್ಲೇನು? ಕೆಲಸ ಸಿಗೂತನಕ ಇರು’ ಅಂದಿದ್ದೆ. ಅಂದವಳು ನಾನೇ.

ಶನಿವಾರ ನಾದಿನಿಯ ಮದುವೆ ಸೀರೆಗಳಿಗೆ ಫಾಲ್ ತರಲು ಅತ್ತೆಯೊಂದಿಗೆ ಸುಲ್ತಾನ್ ಬಜಾರಿಗೆ ಹೋಗಿದ್ದೆ. ಅಂಗಡಿಯ ಮುಂದೆ ಬಿಳಿ ಅಂಗಿ, ಟೈ ಕಟ್ಟಿದ ಇಬ್ಬರು ಹುಡುಗರು. ಒಬ್ಬ ಬಂದು ಅತ್ತೆಗೆ ಕೈಮುಗಿದ. ‘ನಮಸ್ತೇ ಅಮ್ಮಾ, ರೆಂಡು ನಿಮಿಷಾಲು ಮಾಟ್ಲಾಡೊಚ್ಚಾ?’ ಎರಡು ನಿಮಿಷ ಮಾತಾಡಬಹುದೇ ಅಂತ.

ಅವನ ಹಿಂದೆ ಈರಣ್ಣ. ಅತ್ತೆ ಅವನನ್ನು ನೋಡಿದ್ದು ನನ್ನ ಮದುವೆಯಲ್ಲಿ ಒಂದೇ ಸಲ, ಆಗ ಅವನಿಗೆ ಮೀಸೆಯೂ ಮೂಡಿರಲಿಲ್ಲ; ಮುಖದ ಗುರುತು ಹತ್ತಲಾರದು.

ಮಿಷನರಿಗಳ ಎದೆಯ ಮೇಲೊಂದು ಕಪ್ಪು ಪಟ್ಟಿ ಇರುತ್ತದೆ. ಅದರ ಮೇಲೆ ಅವರ ಹೆಸರಲ್ಲ, ‘ಎಲ್ಡರ್’ ಎಂಬ ಬಿರುದು, ಅದರ ಮುಂದೆ ಮನೆತನದ ಅಡ್ಡಹೆಸರು. ನನ್ನ ತವರಿನ ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಮದುವೆಯಲ್ಲಿ ಅತ್ತೆ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಮರೆಯುವ ಹೆಸರೇ ಅದು? ಮೇಲಾಗಿ ಪಟ್ಟಿ ಇದ್ದದ್ದು ತೆಲುಗಿನಲ್ಲಿ. ಅತ್ತೆ ಮನೆಯಲ್ಲಿ ಆಡುವುದು ಕನ್ನಡವಾದರೂ ಇಲ್ಲೇ ಹುಟ್ಟಿ, ತೆಲುಗು ಶಾಲೆಗೆ ಹೋದವರು. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ ಬೇರೆ.

ಮೊದಲನೆಯವನ ಎದೆ ಓದಿದರು. ‘ಎಲ್ಡರ್ ಗಂಟಾ. ಹಂಗಂದ್ರ ಏನಪಾ?’ ಆಮೇಲೆ ಈರಣ್ಣನ ಕಡೆ ತಿರುಗಿದರು.

ನಾನು ಮುಖ ತಿರುಗಿಸಿ ಫಾಲ್‌ನ ಬಣ್ಣ ನೋಡತೊಡಗಿದೆ. ಓರೆಗಣ್ಣಿಗೆ ಕಂಡದ್ದು ಇಷ್ಟು: ಈರಣ್ಣ ಅಂಗೈ ಎತ್ತಿ ಪಟ್ಟಿಯ ಮೇಲೆ ಇಟ್ಟುಕೊಂಡ.

‘ಅಯ್ಯ, ಎದಿ ನೋವೇನ ಇವಂಗ? ಬಿಸಿಲಾಗ ತಿರುಗಿ ತಿರುಗಿ ಹಿಂಗಾಗೈತಿ. ಏ, ನಿನ್ನ ಚೀಲದಾಗಿನ ನೀರ ಕೊಡವಾ. ಯಾವ ತಾಯಿ ಮಗನೋ!’

ಕೊಟ್ಟೆ. ಕುಡಿದ. ಮೇಡಂ ಅಂದ. ಎದೆಯ ಮೇಲಿನ ಕೈ ತೆಗೆಯದೆಯೇ ಹೋದ.

ದಾರಿಯುದ್ದಕ್ಕೂ ಅತ್ತೆ ಅವನ ಮಾತೇ ಆಡಿದರು. ‘ಪಾಪ, ಭಾಳ ಸೊರಗ್ಯಾನ. ಮನ್ಯಾಗ ಅಕ್ಕ ತಂಗಿ ಯಾರೂ ಇಲ್ಲೇನೋ.’ ಆಗಲಾದರೂ ಹೇಳಬಹುದಿತ್ತಲ್ಲವೇ? ಬಾಗಿಲು ಅವರೇ ತೆಗೆದಿದ್ದರು. ನಾನು ಆಟೋದವನ ಜೊತೆ ಚೌಕಾಸಿಗೆ ನಿಂತೆ.

ಸೋಮವಾರ ಫೋನ್ ಬಂತು.

‘ತಪ್ಪಾತು, ಅಕ್ಕಾ’ ಅಂದ. ಅವನು ಅಂದದ್ದು, ನಾನಲ್ಲ!

‘ನಿಂದೇನ ತಪ್ಪೋ?’

‘ಎರಡ ವರ್ಷ ಮಂದಿ ನಕ್ಕಾರ, ಬಾಗಲಾ ಹಾಕ್ಕೊಂಡಾರ, ಒಬ್ಬ ನಾಯಿ ಛೂ ಬಿಟ್ಟಾನ. ಎಂದೂ ಈ ಪಟ್ಟಿ ಮ್ಯಾಲ ಕೈ ಇಟ್ಟಿದ್ದಿಲ್ಲ. ಮುಗಿಯೂ ಹೊತ್ತಿಗೆ ಮುಚ್ಚಿದೆ.’

ನಾನು ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚತೊಡಗಿದೆ. ಅವನೇ ಮುಂದುವರಿಸಿದ.

‘ನಿಮ್ಮನಿಗೆ ಬರೂದಿಲ್ಲ ಬಿಡು. ದುಬೈದಾಗ ಸೆಕಿ ಹ್ಯಾಂಗೈತಿ ಅಂತ ನಿಮ್ಮತ್ತಿ ಕೇಳಿದ್ರ ಏನ ಹೇಳ್ಲಿ? ಸುಳ್ಳು ನಂಗ ಆಗೂದಿಲ್ಲ. ನನ್ನ ಜೋಡೀದಾಂವನ ಅವ್ವ ರಾಜಮಂಡ್ರಿಗೆ ಬಾ ಅಂದಾಳ.’

ಅವನ ಮುಖವನ್ನೂ ನೋಡದ ಹೆಂಗಸು ಬಾ ಅಂದಳು. ‘ನೀ ಬಾ, ನಾ ಎಲ್ಲಾ ಹೇಳ್ತೀನಿ’ ಅನ್ನಲು ಎಷ್ಟು ಉಸಿರು ಬೇಕಿತ್ತು? ಕಾಯುತ್ತಿದ್ದ. ಕಾಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

‘ಊಟ ಆತೇನು?’ ಅಂದೆ.

‘ಆತು’ ಅಂದ. ಇಟ್ಟ.

ಕೆಳಗಿನಿಂದ ಅತ್ತೆ: ‘ಅತ್ತರ ಹೇಳಿದೇನವಾ?’

‘ಹೇಳೀನ್ರಿ.’

ಅಪ್ಪನದು ಹಠ, ಗಟ್ಟಿಯಾಗಿ ಬೈದು ಬಾಗಿಲು ಹಾಕಿದರು. ನಾನು ಪ್ರೀತಿಯಿಂದ ಮಾತಾಡುತ್ತಲೇ ಹಾಕಿದೆ. ಯಾವುದು ಕೆಟ್ಟದ್ದು, ನೀವೇ ಹೇಳಿ. ಧರ್ಮ ಬಿಟ್ಟ ಅಂತ ಊರವರು ಅವನನ್ನು ಆಡಿಕೊಳ್ಳುತ್ತಾರೆ. ಅವನನ್ನೇ ಬಿಟ್ಟ ನನ್ನನ್ನು ಯಾರೂ ಏನೂ ಅನ್ನುವುದಿಲ್ಲ. ನಾನು ಒಳ್ಳೆಯ ಸೊಸೆ.

ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಆದರೂ ಅತ್ತೆ ಪ್ರತಿ ವಾರ ಈ ಪುಟ ತೆಗೆದು, ನನ್ನ ಫೋಟೊದ ಮೇಲೆ ಕೈಯಾಡಿಸಿ, ‘ಈ ಸಲ ಏನ ಬರದೀಯವಾ?’ ಎಂದು ಕೇಳುತ್ತಾರೆ.

ಏನು ಹೇಳಲಿ, ಮತ್ತೆ ಉಪ್ಪಿನಕಾಯಿ ಅಂತಲೇ?