ಗಂಟು ಮುದ್ದೆಯ ಎಡೆ

ಯುದ್ಧ ನಡೆಯುತ್ತಿದ್ದು, ಸೀಮೆಎಣ್ಣೆಗೂ ಪರದಾಡುತ್ತಿದ್ದ ಕಾಲ. ಬೂದಿಗೆರೆಯ ನಮ್ಮ ಮನೆಯಲ್ಲಿ ಅವ್ವ ಜ್ವರ ಬಂದು ಮಲಗಿದ್ದಳು. ಒಂಬತ್ತು ವರ್ಷದ ನಾನು ಯಾರನ್ನೂ ಕೇಳದೆ ಎಸರಿಟ್ಟು, ರಾಗಿಹಿಟ್ಟು ಸುರಿದು, ಬೆವರು ಕಿತ್ತುಬರುವಂತೆ ಕೋಲಿನಿಂದ ತಿರುವಿ ಮುದ್ದೆ ಕಟ್ಟಿದೆ. ಮುರಿದರೆ ಒಳಗೆಲ್ಲ ಗಂಟು, ಗಂಟಿನೊಳಗೆ ಹಸಿಹಿಟ್ಟು.

ಹೊಲದಿಂದ ಬಂದ ಅಪ್ಪ ಒಂದು ಮುದ್ದೆಯನ್ನು ಸದ್ದಿಲ್ಲದೆ ನುಂಗಿದ. ಆಮೇಲೆ ಇನ್ನೊಂದನ್ನು ತಟ್ಟೆಗಿಟ್ಟುಕೊಂಡು ಜಗಲಿಗೆ ಹೋದ. "ನೋಡ್ರಪ್ಪಾ, ನನ್ ಮಗಳು ಮುದ್ದೆ ಮಾಡವ್ಳೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಒಳಗೆ ಬಂದವನೇ ಅದನ್ನು ದೇವರ ಗೂಡಿನ ಮುಂದೆ ಎಡೆ ಇಟ್ಟ.

ಜ್ವರದಲ್ಲೂ ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಗೇನು ಬುದ್ಧಿ ಕೆಟ್ಟೈತಾ? ಗಂಟು ಮುದ್ದೇನ ದೇವ್ರಿಗೆ ಇಡ್ತಾರಾ?"

"ನಾವೂ ಅವನು ಕಟ್ಟಿದ ಮುದ್ದೆಗಳೇ ಕಣೇ," ಎಂದ ಅಪ್ಪ. "ನಮ್ಮೊಳಗೆ ಗಂಟಿಲ್ವಾ? ಆದ್ರೂ ನಮ್ಮನ್ನ ನೋಡಿ ಹಿಗ್ತಾನೆ. ಹಿಗ್ಗೋದನ್ನ ನಾನು ಕಲ್ತಿದ್ದೇ ಅವನಿಂದ."

ಅವ್ವ ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದಳು. "ಹಂಗಾದ್ರೆ ನಂಗೂ ಒಂದ್ ಚೂರು ಪ್ರಸಾದ ಕೊಡಿ."

ಮುಂದೆ ಅತ್ತೆಮನೆಯಲ್ಲಿ ನನ್ನ ಅಡುಗೆಗೆ ಯಾರೆಷ್ಟು ಹೆಸರಿಟ್ಟರೂ ನಾನು ಕ್ಯಾರೆ ಅನ್ನಲಿಲ್ಲ. ದೇವರೇ ಉಂಡ ಮುದ್ದೆ ನನ್ನದು.